ಬನ್ನಿ ಕೊಡಾಕ ಹೋಗಿ 21 ವರ್ಷದ ಹಿಂದಿನ ಡಬ್ಬಿ ಸಿಕ್ತು! ನಿಮ್ಮ ಓಣ್ಯಾಗ ಈ ಸಲ ದಸರಾ ಹೆಂಗಾತ್ರಿ?

ನವನಗರದಾಂವ · ಅಕ್ಟೋಬರ್ 3, 2025

ಎಲ್ಲಾರಿಗೂ ಬನ್ನಿ ಬಂಗಾರ (ದಸರಾ ಸಂಜಿ ಬನ್ನಿ ಎಲಿನ ಬಂಗಾರ ಅಂತ ಮನಿ ಮನಿಗೆ ಹೋಗಿ ಕೊಡೂದು ನಮ್ಮ ಕಡೆ ಪದ್ಧತಿ). ಒಂದ ದಿನ ತಡಾ ಆತು, ನಡೀತೈತಿ ಅನಕೋತೀನಿ. ಈ ಸಲ ಗಾಂಧಿ ಜಯಂತಿ ದಿನಾನ ದಸರಾ ಬಂದು ಒಂದ ರಜಾ ಮುಳಗ್ತು, ಅದರ ಸಿಟ್ಟ ಇನ್ನೂ ಇಳದಿಲ್ಲ, ಆದ್ರ ನಿನ್ನೆ ಸಂಜಿ ಮುಂದ ಆಗಿದ್ದು ಹೇಳಲಿಲ್ಲಂದ್ರ ನನ್ನ ಹೊಟ್ಟಿ ಉಬ್ಬತೈತಿ, ಅದಕ್ಕ ಬರ್ಯಾಕತ್ತೀನಿ, ಉದ್ದ ಆದ್ರ ಬೈಬ್ಯಾಡ್ರಿ.

ನಾವು ನವನಗರಕ್ಕ ಬಂದದ್ದ 2006ಕ್ಕ. ಅದಕಿಂತ ಮೊದಲ ಹಳೇ ಹುಬ್ಬಳ್ಳ್ಯಾಗ ಇಂಡಿಪಂಪ್ ಹತ್ರ ಒಂದ ಸಣ್ಣ ಓಣ್ಯಾಗ ಬಾಡಗಿ ಮನಿ. ಬಾಜೂ ಮನಿ ಕಾಕಾ ಕಾಕು ಅಂದ್ರ ನಮಗ ಮನೀ ಮಂದಿ ಇದ್ದಂಗ, ನಡುವ ಒಂದ ಗ್ವಾಡಿ ಅಷ್ಟ, ಇತ್ಲಾಗ ಮೆಣಸಿನಕಾಯಿ ಹುರದ್ರ ಅತ್ಲಾಗ ಕೆಮ್ಮು. 2004ರ ಬ್ಯಾಸಗ್ಯಾಗ ಜಗಳಾತು. ಯಾತಕ್ಕ ಅಂತ ಹುಬ್ಬಳ್ಳಿ ಮಂದಿಗೆ ಹೇಳಬೇಕಾಗಿಲ್ಲ, ನೀರಿಂದು. ಹತ್ತ ದಿನಕ್ಕೊಮ್ಮೆ ನಳ ಬರ್ತಿತ್ತು ಅದೂ ರಾತ್ರಿ ಎರಡಕ್ಕ, ಕಾಕಾ ನಳಕ್ಕ ನೇರ ಮೋಟರ್ ಹಚ್ಚಿದ್ರು, ನಮ್ಮ ನಳದಾಗ ಬರೇ ಗಾಳಿ ಸುಂಯ್ ಅನ್ನೂದು. ಅಪ್ಪ ಹೋಗಿ ಒಂದ ಮಾತ ಅಂದ, ಅವ್ರು ಎರಡ ಅಂದ್ರು, ನಡುರಾತ್ರ್ಯಾಗ ಓಣಿ ಎಲ್ಲಾ ಎದ್ದ ಬಾಗಲಕ್ಕ ಬಂತು, ಅವತ್ತಿಗೆ ಮಾತ ಬಂದ್. ಆಮ್ಯಾಲೆ ಎರಡ ವರ್ಷ ಗ್ವಾಡಿಗೆ ಗ್ವಾಡಿ ಹತ್ತಿದ ಮನ್ಯಾಗ ಇದ್ದೂ ಮಾರಿ ನೋಡಲಿಲ್ಲ, ಮನಿ ಬಿಟ್ಟ ಬರೂ ದಿವಸನೂ ಹೋಗಿ ಬರ್ತೀವಿ ಅನ್ನಲಿಲ್ಲ.

ನಿನ್ನೆ ಹೋಳಗಿ ಉಂಡು ಎಲ್ಲಾರೂ ಅಡ್ಡಾಗಿದ್ವಿ, ಅವ್ವ ಎದ್ದ ಕೂತು "ಈ ಸಲ ಹಳೇ ಓಣಿಗೆ ಹೋಗಿ ಬನ್ನಿ ಕೊಟ್ಟ ಬರೂಣು" ಅಂದ್ಲು. ಅಪ್ಪ "ನಾ ಬರಾಂಗಿಲ್ಲ, ನೀವ ಹೋಗಿ ಬರ್ರಿ" ಅಂದ. ನಾವು ಚಪ್ಪಲಿ ಹಾಕೊಳ್ಳೂದ್ರಾಗ ತಾನ ಇಸ್ತ್ರಿ ಅಂಗಿ ಹಾಕ್ಕೊಂಡ ಗೇಟಿನ್ಯಾಗ ನಿಂತಿದ್ದ 😄 ಚಿಗರಿ ಬಸ್ ಹತ್ತಿ ಹೋಗಿ ಅಲ್ಲಿಂದ ಆಟೋ. ದಾರ್ಯಾಗ ಹತ್ತ ರೂಪಾಯಿಗೆ ಒಂದ ಪೆಂಡಿ ಬನ್ನಿ ತೊಗೊಂಡ್ವಿ, ಸಂಜಿ ಆಗಿತ್ತಲ್ಲ, ಎಲಿ ಬಾಡಿದ್ವು.

ಕಾಕು ಬಾಗಲಾ ತಗದ್ರು. ಕೂದಲ ಪೂರಾ ಬೆಳ್ಳಗ. ಅವ್ವನ್ನ ನೋಡಿ ಎರಡೂ ಮುಂಗೈ ಹಿಡಕೊಂಡು ಮೊದಲ ಕೇಳಿದ್ದ ಏನ್ ಗೊತ್ತೇನ್ರಿ, "ನಿಮ್ಮ ಮಣಕಾಲ ನೋವ ಹೆಂಗೈತ್ರಿ ಈಗ?" ಇಷ್ಟ. ಯಾಕ ಬಂದ್ರಿ, ಇಷ್ಟ ವರ್ಷ ಎಲ್ಲಿದ್ರಿ, ಯಾವ ಮಾತೂ ಇಲ್ಲ, ನಡುವ ಬಿಟ್ಟ ಮಾತ ಅಲ್ಲಿಂದ್ಲೇ ಮುಂದುವರಿಸಿದಂಗ. ಒಳಗ ಬರ್ರಿ ಅನ್ನೂದು ಅವರಿಗೂ ನೆನಪಾಗಲಿಲ್ಲ, ಒಳಗ ಹೋಗೂದು ಇಕಿಗೂ ನೆನಪಾಗಲಿಲ್ಲ, ಇಬ್ರೂ ಹೊಸ್ತಲ ಆಚಿ ಒಬ್ಬಾಕಿ ಈಚಿ ಒಬ್ಬಾಕಿ ನಿಂತು ಇಪ್ಪತ್ತ ನಿಮಿಷ ಮಾತಾಡಿದ್ರು, ಕಡೀಕ ಒಳಗಿಂದ ಅವರ ಸೊಸಿನ ಬಂದು "ಅತ್ತಿ, ಅವರನ್ನ ಕುಂದರಸ್ರಿ ಮೊದಲ" ಅಂದ್ಲು.

ಹಾಲ್‌ನ್ಯಾಗ ಅಪ್ಪ ಮತ್ತ ಕಾಕಾ ಎದರಾ ಬದರಾ. ಟಿವ್ಯಾಗ ಜಂಬೂಸವಾರಿ ತಿರಗಾ ಮುರಗಾ ತೋರಸಾಕತ್ತಿದ್ರು, ಇಬ್ರೂ ಜನ್ಮದಾಗ ಆನಿ ನೋಡಿಲ್ಲ ಅನ್ನೂ ಹಂಗ ಅದನ್ನ ನೋಡ್ಕೋತ ಕುಂತಾರ, ಒಂದ ಮಾತಿಲ್ಲ. 750 ಕೆಜಿ ಅಂಬಾರಿ ಹೊತ್ತ ಅಭಿಮನ್ಯುಗಿಂತ ಅವರಿಬ್ರ ನಡುವಿನ ಗಪ್‌ಚುಪ್ ಭಾರ ಆಗಿತ್ತು ನನಗ. ಚಾ ಬಂತು. ಅರ್ಧ ಕಪ್ ಕುಡದ ಅಪ್ಪ ಕೇಳಿದ, "ಅಲ್ರಿ, ಆ ಮೋಟರ್ ಎಷ್ಟ ಎಚ್‌ಪಿ ಇತ್ತು?" ನನ್ನ ಜೀವ ಹ್ವಾತು, ಮತ್ತ ಶುರು ಆತು ಅಂತ. ಕಾಕಾ ಕಪ್ ಕೆಳಗಿಟ್ಟು "ಅರ್ಧ" ಅಂದ್ರು. ಅಪ್ಪ "ಹೌದಾ? ನಾ ಇಷ್ಟ ವರ್ಷ ಒಂದ ಅನಕೊಂಡಿದ್ದೆ" ಅಂದ. ಕಾಕಾಗ ನಗಿ ತಡಿಲಿಕ್ಕಾಗದ ನೆತ್ತಿಗೇರಿತು, ಅಪ್ಪ ಬೆನ್ನ ಚಪ್ಪರಿಸಿದ, ಅಷ್ಟ, ಮುಗೀತು.

ಇನ್ನ ಡಬ್ಬಿ ಕತಿ. ಕಾಕು ರವಾ ಉಂಡಿ ಒಂದ ಸ್ಟೀಲ್ ಡಬ್ಬ್ಯಾಗ ಹಾಕ್ಕೊಂಡ ಬಂದ್ರು. ಅವ್ವ ಅದನ್ನ ತಿರಿವಿ ನೋಡಿದ್ಲು, ಬಾಜೂಕ ಚುಕ್ಕಿ ಚುಕ್ಕಿ ಕೊರದದ್ದು, ಅವ್ವನ ಹೆಸರಿನ ಮೊದಲಿನ ಎರಡ ಅಕ್ಷರ, ಕೆಳಗ 12-5-99. ನಮ್ಮಕ್ಕನ ಮದವ್ಯಾಗ ಬಂದ ಡಬ್ಬಿ ಅದು. 2004ರ ಯುಗಾದಿಗೆ ಶೇಂಗಾ ಹೋಳಗಿ ತುಂಬಿ ಅವರ ಮನಿಗೆ ಕಳಿಸಿದ್ವಿ, ವಾಪಸ್ ಬರೂದ್ರಾಗ ಜಗಳಾಗಿತ್ತು. ಕಾಕು ಹೇಳ್ತಾರ, "ಎರಡ ಸಲ ತುಂಬಿದ್ದೆನ್ರಿ ವಾಪಸ್ ಕೊಡಬೇಕಂತ, ಇವ್ರು ಬಿಡಲಿಲ್ಲ, ಖಾಲಿ ಕೊಡಾಕ ನನಗ ಮನಸಾಗಲಿಲ್ಲ." ಮುಚ್ಚಳ ಮಾತ್ರ ಇಲ್ಲ, ಎಲ್ಲೆ ಹ್ವಾತೋ.

ನಿಮ್ಮ ಕಡೆ ಹೆಂಗಾತು ಹೇಳ್ರಿ. ಯಾರ್ಯಾರ ಮನಿಗೆ ಹೋಗಿದ್ರಿ, ಯಾರ ಬಂದಿದ್ರು?

ಮಿರ್ಚಿಭಜಿ

ಅಣ್ಣಾ ನಾ ಆಫೀಸಿನ್ಯಾಗ ಕುಂತ ಓದಾಕತ್ತಿದ್ದೆ, ಅರ್ಧ ಎಚ್‌ಪಿ ಅನ್ನೂದಕ್ಕ ಜೋರ್ ನಕ್ಕಬಿಟ್ಟೆ, ಎಲ್ಲಾರೂ ತಿರಗಿ ನೋಡಿದ್ರು. ನಮ್ಮ ಮನ್ಯಾಗೂ ಇಂಥಾದೊಂದ ಐತಿ, ಆದ್ರ ಮೋಟರ್ ಅಲ್ಲ, ನುಗ್ಗಿಗಿಡ. ಟೊಂಗಿ ನಮ್ಮ ಕಂಪೌಂಡ್ ಒಳಗ, ಬೇರ ಅವರದು. ಮುಂದಿನ ದಸರಾ ತನ ನೋಡೂಣಂತ.

ಸಪ್ತಾಪುರದ ಸೊಸೆ

ನಾನು ಮೈಸೂರು ಕಡೆಯವಳು, ಮದುವೆಯಾಗಿ ಧಾರವಾಡಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಭಾಷೆ ಇನ್ನೂ ಪೂರ್ತಿ ಬಂದಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮಲ್ಲಿ ದಸರಾ ಅಂದ್ರೆ ಗೊಂಬೆ ಕೂರ್ಸೋದು, ಆಮೇಲೆ ಜಂಬೂಸವಾರಿಗೆ ಜಾಗ ಹಿಡಿಯೋಕೆ ಬೆಳಗ್ಗೇನೇ ಹೋಗಿ ಬಿಸಿಲಲ್ಲಿ ನಿಲ್ಲೋದು. ಸವಾರಿ ಬನ್ನಿಮಂಟಪದವರೆಗೆ ಹೋಗತ್ತೆ ಅಂತ ಚಿಕ್ಕಂದಿನಿಂದ ಗೊತ್ತು, ಆದ್ರೆ ಬನ್ನಿ ಅನ್ನೋದನ್ನ ಜನ ಮನೆ ಮನೆಗೆ ತಗೊಂಡು ಹೋಗ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಮೊದಲನೇ ವರ್ಷ ಸಂಜೆ ಮನೇಲಿ ನಾನೊಬ್ಬಳೇ. ಬೆಲ್ ಆಯ್ತು, ಯಾರೋ ಅಜ್ಜ ಒಬ್ರು, ಬಿಳಿ ಟೋಪಿ, ಕೈಯಲ್ಲಿ ಒಂದಿಷ್ಟು ಎಲೆ. "ಬನ್ನಿ ತೊಗೋರಿ, ಬಂಗಾರಧಂಗ ಇರೂಣು" ಅಂದ್ರು. ನಂಗೆ ಕೇಳ್ಸಿದ್ದು "ಬನ್ನಿ" ಅಂತಷ್ಟೇ, ಯಾರನ್ನ ಬನ್ನಿ ಅಂತಿದ್ದಾರೆ ಇವ್ರು, ನಮ್ಮನೆ ಬಾಗಿಲಲ್ಲಿ ನಿಂತ್ಕೊಂಡು ನನ್ನೇ ಕರೀತಿದ್ದಾರಲ್ಲ ಅಂದ್ಕೊಂಡೆ. ಎಲೆ ಕೈಗಿಟ್ರು, ಥ್ಯಾಂಕ್ಸ್ ಅಂಕಲ್ ಅಂತ ಹೇಳಿ ತೊಳೆದು ಫ್ರಿಡ್ಜಲ್ಲಿ ಇಟ್ಟೆ, ಕೊತ್ತಂಬರಿ ಪಕ್ಕ. ರಾತ್ರಿ ಅತ್ತೆ ಬಂದು ಫ್ರಿಡ್ಜ್ ತೆಗೆದು ನೋಡಿ ನಕ್ಕಿದ್ದು ಇವತ್ತಿಗೂ ನಿಂತಿಲ್ಲ, ಪ್ರತಿ ವರ್ಷ ಬಂದವರಿಗೆಲ್ಲ ಹೇಳ್ತಾರೆ. ಆ ಅಜ್ಜನ ಪರಿಚಯ ಆಗಿದ್ದು ಹಾಗೆ, ನಮ್ಮ ಮನೆ ಹಿಂದಿನ ಸಾಲಲ್ಲೇ ಇದ್ರು. ನಿನ್ನೆ ನಾನೇ ಹೋಗಿ ಅವ್ರಿಗೆ ಮೊದಲು ಕೊಟ್ಟು ಕಾಲಿಗೆ ಬಿದ್ದೆ. "ಫ್ರಿಡ್ಜಿನ್ಯಾಗಿಂದ ತಂದೀ ಏನವಾ?" ಅಂದ್ರು.

ಬೆಟಗೇರಿ ಮಗ್ಗ

ಅಕ್ಕಾರ, ಫ್ರಿಡ್ಜ್ ಕತಿ ಭಾಳ ಚಲೋ ಐತಿ 😂

ನಮ್ಮದು ಗದಗ ಬೆಟಗೇರಿ, ನೇಕಾರ ಓಣಿ. ನಮ್ಮಲ್ಲೆ ಖಂಡೇ ಪೂಜಿ (ಆಯುಧ ಪೂಜಿ) ದಿನ ಮಗ್ಗ ಬಂದ್, ಮಗ್ಗಕ್ಕ ಬಾಳಿಕಂಬ ಕಟ್ಟಿ, ಲಾಳಿಗೆ ಅರಿಷಿಣ ಕುಂಕುಮ. ವರ್ಷ ಪೂರ್ತಿ ಖಟಕ್ ಖಟಕ್ ಸಪ್ಪಳದಾಗ ಬಾಜೂ ಮನಿಯವರ ಮಾತ ಕೇಳಾಂಗಿಲ್ರಿ, ಹಬ್ಬದ ಆ ಎರಡ ದಿನ ಸಪ್ಪಳ ನಿಂತಾಗನ ಗೊತ್ತಾಗೂದು ಓಣ್ಯಾಗ ಇಷ್ಟ ಮಂದಿ ಅದಾರ, ಅವರಿಗೆ ಇಷ್ಟ ದೊಡ್ಡ ದನಿ ಐತಿ ಅಂತ. ಈಗ ಮಗ್ಗಾನ ಕಡಿಮಿ ಆಗ್ಯಾವು, ಅದು ಬ್ಯಾರೆ ಮಾತು.

ನಮ್ಮ ಎದರ ಮನಿ ಚಾಚಾ ಅವರದು ಒಂದ ರೂಢಿ ಐತಿ. ಮೊಹರಂಕ ಅವರ ಮನಿ ಚೊಂಗೆ ನಮ್ಮ ಮನಿಗೆ ಬರ್ತಾವು, ರಂಜಾನಕ್ಕ ಸುರಕುಂಬಾ, ದಸರಾದಾಗ ನಮ್ಮ ಮನಿ ಬನ್ನಿ ಅವರಿಗೆ. ಚಾಚಾ ಆ ಎಲಿ ಒಗ್ಯಾಂಗಿಲ್ಲ, ಉದ್ರಿ ಬರಿಯೂ ವಹಿ ಐತಲ್ಲ, ಕಿರಾಣಿ ಅಂಗಡಿ ಅವರದು, ಅದರ ನಡುವ ಇಡ್ತಾರ. ಒಮ್ಮೆ ನಾ ಉದ್ರಿ ತೀರಸಾಕ ಹೋದಾಗ ನನ್ನ ಹೆಸರಿನ ಪುಟದಾಗ ಒಣಗಿದ ಬನ್ನಿ ಇತ್ತು. "ಬಂಗಾರ ಜಮಾ ಐತಿ, ಆದ್ರ ಸಾಲದಾಗ ಮುರಕೊಳ್ಳಾಂಗಿಲ್ಲ" ಅಂದ್ರು. ಪೂರಾ 640 ರೂಪಾಯಿ ತೊಗೊಂಡ್ರು ಮತ್ತ.

ಮೂರನೇ ಮಾಳಗಿ

ನಿಮ್ಮೆಲ್ಲಾರ ಕತಿ ಸಿಹಿ ಸಿಹಿ ಅದಾವು, ನನ್ನ ಕತಿ ಕೇಳ್ರಿ. ವಿದ್ಯಾನಗರ ಕಡೆ ಅಪಾರ್ಟ್‌ಮೆಂಟ್, ನಾಲ್ಕ ವರ್ಷ ಆತು, ಎದರ ಫ್ಲ್ಯಾಟಿನವರ ಹೆಸರು ನನಗ ಗೊತ್ತಿಲ್ಲ, ಅವರ ಪಾರ್ಸೆಲ್ ಮ್ಯಾಲಿನ ಹೆಸರ ಅಷ್ಟ ಗೊತ್ತು. ನಿನ್ನೆ ಧೈರ್ಯ ಮಾಡಿ ಹೆಂಡ್ತಿ ಮಕ್ಕಳನ್ನ ಕರಕೊಂಡು ಬನ್ನಿ ತೊಗೊಂಡು ಬೆಲ್ ಒತ್ತಿದೆ. ಕ್ಯಾಮೆರಾ ಇರೂ ಬೆಲ್ ಅದು. ಒಳಗಿಂದ ದನಿ ಬಂತು, "ಅಲ್ಲೇ ಹೊರಗ ಇಡ್ರಿ." ನಾ ಏನಂತ ಹೇಳಲಿ? ಶೂ ರ‍್ಯಾಕ್ ಮ್ಯಾಲೆ ಎಲಿ ಇಟ್ಟ ಬಂದ್ವಿ. ಮಗಳು ಕೇಳ್ತಾಳ, ಪಪ್ಪಾ ಓಟಿಪಿ ಕೇಳಲಿಲ್ಲಲ್ಲ ಅಂತ.

ನಾ ಹೇಳೂದ ಏನಂದ್ರ, ನಿಮ್ಮದೆಲ್ಲಾ ಹಳೇ ಓಣಿ, ಕಟ್ಟಿ ಇದ್ದ ಮನಿ, ಬಾಗಲಾ ತಗದ ಇಟಗೊಂಡ ಬದಕಿದ ಮಂದಿ. ಅದನ್ನ ಫ್ಲ್ಯಾಟಿಗೆ ತರಾಕ ಆಗಾಂಗಿಲ್ಲ. ವಾಟ್ಸಪ್ಪಿನ್ಯಾಗ ಬನ್ನಿ ಫೋಟೋ ನಲವತ್ತ ಬಂದ್ವು, ಎಲ್ಲಾ ಫಾರ್ವರ್ಡ್, ಮ್ಯಾಲೆ ನಮ್ಮ ಲಿಫ್ಟಿನ್ಯಾಗ ಕಂಡ್ರ ಫೋನ್ ನೋಡೂ ಮಂದಿದ.

ನವನಗರದಾಂವ

"ಹೊರಗ ಇಡ್ರಿ" ಅನ್ನೂದು ಕೇಳಿ ಬ್ಯಾಸರ ಆತ್ರಿ ಖರೇನ, ಆದ್ರ ಓಟಿಪಿಗೆ ನಗೂ ಬಂತು. ಒಂದ ಮಾತು, ಹಳೇ ಓಣ್ಯಾಗ ಇದ್ವಿ ಅಂತ ಎಲ್ಲಾ ಸರಿ ಇತ್ತು ಅನ್ನಬ್ಯಾಡ್ರಿ, ನಾವು ಗ್ವಾಡಿ ಬಾಜೂಕ ಇದ್ದನ ಎರಡ ವರ್ಷ ಮಾತ ಬಿಟ್ಟಿದ್ವಿ. ದೂರ ಹೋದ ಮ್ಯಾಲೆ ಸರಿ ಆದದ್ದು.

ಗಿಡದ ಮಾಸ್ತರ

ನಡುವ ಬಾಯಿ ಹಾಕ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನವನಗರದವರು ಹಾಕಿದ ಫೋಟೋ ನೋಡಿದೆ, ಅದು ಖರೇ ಬನ್ನಿನ. ಶಮಿ ಅಂತೀವಲ್ಲ ಅದು, ಸಣ್ಣ ಸಣ್ಣ ಎಲಿ, ಕಡ್ಡಿಗೆ ಮುಳ್ಳು. ಭಾಳ ಮಂದಿ ಎರಡ ಪಾಲ ಆದಂಗ ಕಾಣೂ ದುಂಡನ ಎಲಿ ತರ್ತಾರ, ಒಂಟೆಯ ಪಾದ ಇದ್ದಂಗ ಇರ್ತದಲ್ಲ, ಅದು ಆಪ್ಟೆ, ಮಂದಾರದ ಜಾತಿದು. ಮಹಾರಾಷ್ಟ್ರದಾಗ ಅದನ್ನ ಬಂಗಾರ ಅಂತ ಹಂಚ್ತಾರ. ಯಾವದು ಕೊಟ್ರೂ ಪಾಪ ಏನಿಲ್ಲ ಬಿಡ್ರಿ. ಆದ್ರ ಕೆಲವರು ರಸ್ತೆ ಬಾಜೂದ ಬಳ್ಳಾರಿ ಜಾಲಿ ಟೊಂಗಿ ಮುರದು ತರ್ತಾರ, ನೋಡಾಕ ಹಂಗ ಕಾಣ್ತದ, ಅದು ಅಮೆರಿಕಾ ಕಡಿಂದ ಬಂದ ಗಿಡ, ಬನ್ನಿಗೆ ದಾಯಾದಿ ಇದ್ದಂಗ.

ಬನ್ನಿ ಗಿಡ ಭಾಳ ಸಾವಕಾಶ ಬೆಳೀತದ, ಬೇರ ಮಾತ್ರ ಭಾಳ ಆಳ ಹೋಗ್ತದ, ಅದಕ್ಕ ಮಳಿ ಇಲ್ಲದ ಊರಾಗೂ ಹಸರ ಇರ್ತದ. ರಾಜಸ್ಥಾನದ ರಾಜ್ಯ ವೃಕ್ಷ ಇದು, ಅಲ್ಲಿ ಖೇಜಡಿ ಅಂತಾರ. 1730ರಾಗ ಜೋಧಪುರ ಹತ್ರ ಖೇಜಡಲಿ ಊರಾಗ ಅರಸನ ಮಂದಿ ಈ ಗಿಡ ಕಡ್ಯಾಕ ಬಂದಾಗ ಬಿಷ್ಣೋಯಿ ಮಂದಿ ಗಿಡಾ ಅಪ್ಪಿಕೊಂಡು ನಿಂತ್ರು, 363 ಮಂದಿ ಜೀವ ಹ್ವಾತು. ನಮ್ಮಲ್ಲೆ ಒಂದ ಸಂಜಿ ಸಲವಾಗಿ ಟೊಂಗಿ ಟೊಂಗೀನ ಕಡದು ಟೆಂಪೋ ತುಂಬ್ತಾರ, ಮರುದಿನ ಮುಂಜಾನೆ ಅದು ಗಟಾರದಾಗ. ಒಂದ ಮನಿಗೆ ಎರಡ ಎಲಿ ಸಾಕಲ್ರಿ.

ಮಿರ್ಚಿಭಜಿ

ಸರ, ನಾ ಐದ ವರ್ಷದಿಂದ ಬಳ್ಳಾರಿ ಜಾಲಿ ಹಂಚಾಕತ್ತೀನಿ ಅಂತ ಈಗ ಗೊತ್ತಾತು. ಅದಕ್ಕ ಯಾರೂ ಬಂಗಾರದಂಗ ಇಲ್ಲ.

ಹಾನಗಲ್ಲಿನಾಂವ

ಮಾಸ್ತರ ಗಿಡದ ಕತಿ ಹೇಳಿದ್ರು, ನಾ ಊರಿನ ಕತಿ ಹೇಳ್ತೀನಿ. ಪಾಂಡವರು ಅಜ್ಞಾತವಾಸಕ್ಕ ಹೋಗೂ ಮುಂದ ಆಯುಧ ಕಟ್ಟಿ ಇಟ್ಟದ್ದು ವಿರಾಟನಗರದ ಹೊರಗ ಬನ್ನಿ ಗಿಡದಾಗ ಅಲ್ಲೇನ್ರಿ, ಆ ವಿರಾಟನಗರ ಅಂದ್ರ ನಮ್ಮ ಹಾನಗಲ್ಲ ಅಂತ ನಮ್ಮ ಕಡೆ ಹಿರ‍್ಯಾರು ಹೇಳ್ತಾರ. ಬ್ಯಾರೆ ಊರವರೂ ನಮ್ಮದು ಅಂತಾರ, ಅನ್ನಲಿ. ತಾರಕೇಶ್ವರ ಗುಡಿ ನೋಡಾಕ ಬಂದ್ರ ಯಾವ ಅಜ್ಜನ್ನ ಕೇಳಿದ್ರೂ ಕೀಚಕನ ಕತಿ ಹೇಳೇ ಕಳಸ್ತಾನ.

ಬಂಗಾರ ಅನ್ನೂದಕ್ಕ ಇನ್ನೊಂದ ಕತಿ, ಕೌತ್ಸ ಅನ್ನೂ ಹುಡಗ ಗುರುದಕ್ಷಿಣಿ ಕೊಡಾಕ 14 ಕೋಟಿ ಬೇಕಂತ ರಘು ಮಹಾರಾಜನ ಕಡೆ ಬಂದ, ಅವನ ಕಡೆ ಆಗ ಮಣ್ಣಿನ ಪಾತ್ರಿ ಬಿಟ್ರ ಏನೂ ಇರಲಿಲ್ಲ, ಕುಬೇರನ ಮ್ಯಾಲೆ ಯುದ್ಧಕ್ಕ ಹೊಂಟ, ಕುಬೇರ ಹೆದರಿ ರಾತ್ರೋರಾತ್ರಿ ಬನ್ನಿ ಗಿಡದ ಮ್ಯಾಲೆ ಬಂಗಾರದ ಮಳಿ ಸುರಿಸಿದ ಅಂತ. ಕೌತ್ಸ 14 ಕೋಟಿ ಅಷ್ಟ ತೊಗೊಂಡ, ಹೆಚ್ಚಿಂದ ಬ್ಯಾಡ ಅಂದ, ರಾಜ ನನಗೂ ಬ್ಯಾಡ ಅಂದ, ಉಳದದ್ದ ಊರ ಮಂದಿ ಹಂಚಿಕೊಂಡ್ರು. ಹಂಗಂತ ನಮ್ಮಜ್ಜ ಹೇಳ್ತಿದ್ದ. ಬೆಟಗೇರಿ ಚಾಚಾ 640 ಬಿಡಲಿಲ್ಲ ನೋಡ್ರಿ, ಅದು ಕಲಿಗಾಲ.

ಮೂರನೇ ಮಾಳಗಿ

😂😂 ಅದಕ್ಕ ಚಾಚಾನ ಸರಿ ಅನ್ನಸ್ತೈತಿ.

ಕಟ್ಟಿ ಮ್ಯಾಲಿನಾಕಿ

ಓದಿ ಸುಮ್ಮನ ಹೋಗೂಣು ಅಂದ್ಕೊಂಡಿದ್ದೆ, ಹೋಗಲಿಲ್ಲ.

ನಮ್ಮ ಅಪ್ಪ ತೀರಿಕೊಂಡ ವರ್ಷ ದಸರಾ ಮಾಡಿರಲಿಲ್ಲ, ಘಟಾ ಇಟ್ಟಿರಲಿಲ್ಲ, ಮುಂಜಾನೆ ಬನ್ನಿ ಮಹಾಂಕಾಳಿಗೆ ಓಣಿ ಹೆಣಮಕ್ಕಳೆಲ್ಲ ನಸಿಕಿನ್ಯಾಗ ಹೋಗೂದ ನೋಡ್ಕೋತ ಅವ್ವ ಕಿಡಕ್ಯಾಗ ನಿಂತಿರ್ತಿದ್ಲು, ಒಂಬತ್ತ ದಿನನೂ. ಹಾವೇರ್ಯಾಗ ನಮ್ಮ ಮನಿ. ಹಬ್ಬದ ಸಂಜಿ ಯಾರೂ ಬರಾಂಗಿಲ್ಲ ಅಂತ ನಮಗ ಗೊತ್ತಿತ್ತು, ಕಟ್ಟಿ ಮ್ಯಾಲಿನ ಲೈಟ್ ಹಚ್ಚಿರಲಿಲ್ಲ. ಓಣ್ಯಾಗ ಮಂದಿ ಹೊಸಾ ಅರಿವಿ ಹಾಕ್ಕೊಂಡ ಮನಿ ಮನಿ ಅಡ್ಡಾಡೂ ಸಪ್ಪಳ, ನಮ್ಮ ಮನಿ ಮುಂದ ಬಂದಾಗ ಮಾತ ಸಣ್ಣ ಮಾಡ್ಕೊಂಡ ಮುಂದ ಹೋಗೂದು. ಅದು ಕೇಳತಿತ್ತು.

ಎಂಟ ಆಗಿತ್ತು, ಎದರ ಮನಿ ವೈನಿ ಬಂದ್ರು. ಹಬ್ಬದ ಸೀರಿ ಬಿಚ್ಚಿಟ್ಟು ಮನ್ಯಾಗ ಉಡೂ ಸೀರಿ ಉಟಗೊಂಡ ಬಂದಿದ್ರು. ಬನ್ನಿ ತಂದಿರಲಿಲ್ಲ. ಅವ್ವನ ಬಾಜೂಕ ಕುಂತ್ರು, ಸ್ವಲ್ಪ ಹೊತ್ತಿಗೆ "ಅವರೆ ಬಿಡಸೂದ ಐತೇನ್ರಿ?" ಅಂದ್ರು. ಇತ್ತು. ಇಬ್ರೂ ಕತ್ತಲದಾಗ ಕುಂತು ಒಂದ ಪುಟ್ಟಿ ಅವರೆಕಾಯಿ ಬಿಡಿಸಿದ್ರು, ಏನೂ ಮಾತಾಡಲಿಲ್ಲ. ಈಗ ಆ ವೈನಿ ಮಗನ ಕಡೆ ಬೆಂಗಳೂರಾಗ ಅದಾರ, ನಿನ್ನೆ ಅವ್ವ ಫೋನ್ ಹಚ್ಚಿದ್ಲು, ವಿಡಿಯೋದಾಗ ಎಲಿ ತೋರಿಸಿ ತೊಗೋರಿ ಅಂದ್ಲು. ಫಾರ್ವರ್ಡ್ ಮಾಡೂದ ಬ್ಯಾರೆ, ಇದ ಬ್ಯಾರೆ, ಮೂರನೇ ಮಾಳಗಿ ಅಣ್ಣಾರ.

ಮೂರನೇ ಮಾಳಗಿ

ಒಪ್ಪಿದೆ ಅಕ್ಕಾರ. ಮಾತ ವಾಪಸ್.

ಸಪ್ತಾಪುರದ ಸೊಸೆ

ಕತ್ತಲಲ್ಲಿ ಅವರೆಕಾಯಿ... ಇನ್ನೇನೂ ಬರೆಯೋಕಾಗ್ತಿಲ್ಲ.

ಮೂರನೇ ಮಾಳಗಿ · ಅಕ್ಟೋಬರ್ 4

ಒಂದ ಅಪ್ಡೇಟ್ ಐತಿ, ನಗಬ್ಯಾಡ್ರಿ. ಇವತ್ತ ಮುಂಜಾನೆ ಎದರ ಫ್ಲ್ಯಾಟಿನವರು ತಾವ ಬೆಲ್ ಒತ್ತಿದ್ರು. ಗಂಡಾ ಹೆಂಡತಿ ಇಬ್ರೂ. ಒಡಿಶಾದವರಂತ, ಇಲ್ಲೆ ಕಂಪನ್ಯಾಗ ನೌಕರಿ, ಕನ್ನಡ ಅಷ್ಟಕ್ಕಷ್ಟ, "ಹೊರಗ ಇಡ್ರಿ" ಅನ್ನೂದೊಂದ ವಾಕ್ಯ ಡೆಲಿವರಿ ಹುಡುಗರ ಸಲವಾಗಿ ಕಲತಾರ! ಶೂ ರ‍್ಯಾಕ್ ಮ್ಯಾಲಿನ ಎಲಿ ಕೈಯಾಗ ಹಿಡಕೊಂಡು ಇದು ಏನು, ನೀವ ಇಟ್ಟೀರೇನು, ಏನರ ಮಾಟ ಗೀಟ ಅಲ್ಲಲ್ಲ ಅಂತ ಹಿಂದ್ಯಾಗ ಕೇಳಿದ್ರು. ಎರಡ ದಿನ ಅಂಜಿ ಮುಟ್ಟಿರಲಿಲ್ಲಂತ ಪಾಪ. ನಮ್ಮ ಮನಿಯಾಕಿ ನಕ್ಕೋತ ಒಳಗ ಕರದು ಉಳದ ಹೋಳಗಿ ತುಪ್ಪಾ ಹಾಕಿ ಕೊಟ್ಲು. ಕುಬೇರ, ಕೌತ್ಸ ಎಲ್ಲಾ ನಾನ ಹೇಳಿದೆ, ಹಾನಗಲ್ಲಿನವರ ಕೃಪಾ. ಅವರ ಹೆಸರು ಈಗ ಗೊತ್ತಾತು, ಪಾರ್ಸೆಲ್ ಮ್ಯಾಲೆ ಇರೂ ಹೆಸರು ಅವರದಲ್ಲ, ಹಳೇ ಬಾಡಗಿದಾರಂದು.

ಮಿರ್ಚಿಭಜಿ

ಮಾಟ 😂😂😂 ಎರಡ ಎಲಿ ಶೂ ಮ್ಯಾಲೆ ಇಟ್ರ ಇನ್ನೇನ ತಿಳ್ಕೋಬೇಕ್ರಿ ಅವ್ರು.

ನವನಗರದಾಂವ · ಅಕ್ಟೋಬರ್ 5

ನಮ್ಮ ಮನ್ಯಾಗ ಎರಡ ದಿನದಿಂದ ಒಂದ ವಾದ ನಡದೈತಿ, ನೀವ ಹೇಳ್ರಿ. ಡಬ್ಬಿ ನಮ್ಮದು, ಒಳಗಿನ ಉಂಡಿ ಅವರದು, ಉಂಡಿ ಖಾಲಿ ಆದ್ವು. ಈಗ ನಾವು ವಾಪಸ್ ಏನರ ಕೊಡಬೇಕೋ ಬ್ಯಾಡೋ? ನನ್ನ ಪ್ರಕಾರ ನಮ್ಮ ಡಬ್ಬಿ ನಮ್ಮ ಮನಿಗೆ ಬಂತು, ಲೆಕ್ಕ ಚುಕ್ತಾ. ಅವ್ವ ಒಪ್ಪವಲ್ಲಳು.

ಬೆಟಗೇರಿ ಮಗ್ಗ

ಲೆಕ್ಕ ಚುಕ್ತಾ ಮಾಡಾಕ ಹೋದ್ರ ಮತ್ತ 21 ವರ್ಷ ಆಗ್ತೈತಿ ನೋಡ್ರಿ.

ಕಟ್ಟಿ ಮ್ಯಾಲಿನಾಕಿ

ನಿಮ್ಮ ಅವ್ವಾರು ಹೇಳಿದ್ದ ಖರೆ. ಸೀಗಿ ಹುಣ್ಣಿಮಿ ಬಂತಲ್ಲ, ಕರಿಗಡಬ ಮಾಡ್ತೀರಿಲ್ಲೋ, ಕಳಸ್ರಿ. ಹೊಲ ಇಲ್ಲದವರು ಚರಗಾ (ಭೂಮಿತಾಯಿಗೆ ಎಡಿ) ಎಲ್ಲೆ ಚೆಲ್ಲಬೇಕು, ಬಾಜೂಮನ್ಯಾಗ ಕೊಡೂದ.

ನವನಗರದಾಂವ · ಅಕ್ಟೋಬರ್ 7

ಕರಿಗಡಬ ಹ್ವಾದ್ವು. ಅದ ಡಬ್ಬ್ಯಾಗ. ಅಪ್ಪ ತಾನ ಕೊಟ್ಟ ಬರ್ತೀನಿ ಅಂತ ಹಠಾ ಹಿಡದ, ನಾ ಬರ್ತೀನಿ ಅಂದ್ರ ಬ್ಯಾಡ ಅಂದ. ಮನ್ಯಾಗಿನ ಮುಚ್ಚಳ ಎಲ್ಲಾ ಹಚ್ಚಿ ನೋಡಿದ್ವಿ, ಒಂದೂ ಕೂಡಲಿಲ್ಲ, ಕಡೀಕ ಅವ್ವ ಪ್ಲಾಸ್ಟಿಕ್ ಹಾಳಿ ಮುಚ್ಚಿ ರಬ್ಬರ್ ಹಾಕಿ ಕಟ್ಟಿದ್ಲು. ನಾಲ್ಕಕ್ಕ ಚಿಗರಿ ಹತ್ತಿದಾಂವ, ಡಬ್ಬಿ ತೊಡಿ ಮ್ಯಾಲೆ ಇಟಗೊಂಡು. ಎಂಟಾದ್ರೂ ಬರಲಿಲ್ಲ, ಫೋನ್ ಎತ್ತಲಿಲ್ಲ, ನಾ ಗಾಬರಿ ಆಗಿ ಕಾಕಾ ನಂಬರಿಗೆ ಹಚ್ಚಿದೆ, ಕಾಕು ಎತ್ತಿದ್ರು.

"ಇಲ್ಲೇ ಅದಾರಪಾ, ನೀರ ಬಂದಾವು, ಇಬ್ರೂ ಕೂಡಿ ಮೋಟರ್ ಹಚ್ಚಾಕತ್ತಾರ" ಅಂದ್ರು.

ಮಿರ್ಚಿಭಜಿ

ಅರ್ಧ ಎಚ್‌ಪಿದ ಏನ್ರಿ?

ನವನಗರದಾಂವ

ಕೇಳ್ದೆ. ಒಂದಂತ ಈಗ.